ಹಳೇ 555ಕ್ಕೆ ಮಿತವ್ಯಯದ ಪಾಠ

ತುಮಕೂರಿನ ಬಟವಾಡಿ ಕಡೆ ಬಿ.ಎಚ್. ರಸ್ತೆಯಲ್ಲಿರುವ ಎಂಜಿನಿಯರಿಂಗ್ ಕಾಲೇಜು ಎಸ್‌ಐಟಿ ಶುರುವಾಗಿದ್ದು 1963ರಲ್ಲಿ. ಇಂಥ ಕಾಲೇಜುಗಳಲ್ಲಿ ಎಲೆಕ್ಟ್ರಾನಿಕ್ಸ್ ಓದುವವರ ಕೈಗೆ ಒಂದಲ್ಲ ಒಂದು ದಿನ ಎಂಟು ಕಾಲಿನ 555 ಟೈಮರ್ ಐಸಿ ಬಂದೇ ಬರುತ್ತದೆ. ಬ್ರೆಡ್‌ಬೋರ್ಡ್ ಮೇಲೆ ಎಲ್‌ಇಡಿ ಮಿನುಗಿಸಿ ಬಿಟ್ಟರೆ ಅದರ ಅರ್ಧ ಕಥೆಯಷ್ಟೇ ತಿಳಿದಂತೆ.

ಸ್ವಿಟ್ಜರ್ಲೆಂಡ್ ಮೂಲದ ಹ್ಯಾನ್ಸ್ ಕ್ಯಾಮೆಂಜಿಂಡ್ 1971ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗೆ ಇದನ್ನು ರೂಪಿಸಿಕೊಟ್ಟರು. ಒಳಗೆ ತಲಾ 5 ಕಿಲೋ ಓಮ್‌ನ ಮೂರು ರೆಸಿಸ್ಟರುಗಳ ಸಾಲಿದೆ. ಕೊಟ್ಟ ವೋಲ್ಟೇಜನ್ನು ಅದು ಮೂರು ಸಮಪಾಲು ಮಾಡುತ್ತದೆ. ಹೊರಗಿನ ಕೆಪಾಸಿಟರ್ ಒಂದು ಪಾಲಿನಿಂದ ಎರಡು ಪಾಲಿಗೆ ಏರಿ ಮತ್ತೆ ಇಳಿಯಲು ಹಿಡಿಯುವ ಹೊತ್ತೇ ಮಿನುಗಿನ ಲೆಕ್ಕ. ವೋಲ್ಟೇಜ್ ಏರಿಳಿದರೂ ಪಾಲು ಬದಲಾಗದು, ಸಮಯವೂ ಹೆಚ್ಚು ಕದಲದು. ಅಪ್ಪಟ ಜಾಣ್ಮೆಯ ವಿನ್ಯಾಸವದು.

ಆದರೆ ಕರೆಂಟು ತಿನ್ನುವುದರಲ್ಲೂ ಅದೇ ಸಾಲಿನ ಕೈವಾಡವಿದೆ. 5 ವೋಲ್ಟ್ ಕೊಟ್ಟರೆ ಆ 15 ಕಿಲೋ ಓಮ್ ಮೂಲಕವೇ 0.33 ಮಿಲಿಆಂಪ್ ಹರಿದುಹೋಗುತ್ತದೆ. ಬೈಪೋಲಾರ್ ಟ್ರಾನ್ಸಿಸ್ಟರುಗಳ ಪಾಲೂ ಸೇರಿದರೆ ಸುಮಾರು 3 ಮಿಲಿಆಂಪ್. ಮನೆಯ ಪ್ಲಗ್ಗಿಗೆ ಇದೊಂದು ಲೆಕ್ಕವೇ ಅಲ್ಲ. ಗುಬ್ಬಿ, ಕುಣಿಗಲ್ ಕಡೆಯ ತೆಂಗಿನ ತೋಟದಲ್ಲಿ ಸೆಲ್ಲು ಹಾಕಿ ಇಡುವ ತೇವಾಂಶ ಮಾಪಕಕ್ಕೆ ಮಾತ್ರ ದೊಡ್ಡ ಹೊರೆ. 2000 ಮಿಲಿಆಂಪ್-ಅವರ್‌ನ ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೂ ಟೈಮರೊಂದೇ ಅವನ್ನು 28 ದಿನಕ್ಕೆ ಖಾಲಿ ಮಾಡುತ್ತದೆ.

ಕಡಿಮೆ ಕರೆಂಟಿನಲ್ಲಿ ನಡೆಯುವ ಸಿಮಾಸ್ (CMOS) ಟ್ರಾನ್ಸಿಸ್ಟರುಗಳ ಮರುವಿನ್ಯಾಸ ಬೇಕಾದದ್ದು ಇಲ್ಲೇ. ಇಂಟರ್‌ಸಿಲ್‌ನ 7555, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಲ್‌ಸಿ555 ಬಂದವು. ಕಾಲುಗಳ ಕ್ರಮ ಅದೇ, ಮೂರು ಪಾಲಿನ ಸೂತ್ರವೂ ಅದೇ. ಒಳಗಿನ ರೆಸಿಸ್ಟರುಗಳು ಮಾತ್ರ ಹಲವು ಪಟ್ಟು ದೊಡ್ಡವು. 0.1 ಮಿಲಿಆಂಪ್ ಸಾಕಾದರೆ ಅದೇ ಸೆಲ್ಲುಗಳು ಲೆಕ್ಕದ ಪ್ರಕಾರ ಎರಡು ವರ್ಷ ದಾಟುತ್ತವೆ. ಕ್ಯಾಮೆಂಜಿಂಡರೂ ಮುಂದೆ ಜೆಟೆಕ್ಸ್ ಕಂಪನಿಗಾಗಿ ತಮ್ಮ ಹಳೇ ವಿನ್ಯಾಸವನ್ನೇ ತಿದ್ದಿ, 0.9 ವೋಲ್ಟಿನಲ್ಲೂ ಓಡುವಂತೆ ಮಾಡಿದರು. ಈ ತಿದ್ದುವ ಛಲ ನನಗೆ ಮೊದಲ ಸೃಷ್ಟಿಗಿಂತ ಕಡಿಮೆಯೆನಿಸದು.

ಉಳಿತಾಯಕ್ಕೆ ಬೆಲೆಯೂ ಇದೆ. ಹಳೆಯದು ಔಟ್‌ಪುಟ್‌ನಲ್ಲಿ 200 ಮಿಲಿಆಂಪ್‌ವರೆಗೆ ತಾಳುತ್ತದೆ. ಟಿಎಲ್‌ಸಿ555 ಹೊರಕ್ಕೆ ಕೊಡುವುದು 10 ಮಿಲಿಆಂಪ್ ಮಾತ್ರ. ಹೀಗೆ ಹೊರಕ್ಕೆ ಕೊಡುವ ಕರೆಂಟಿನಿಂದ ಪಂಪಿನ ರಿಲೇ ಎಳೆಸಬೇಕೆಂದರೆ ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು.

ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಹಳೆಯದು, ಸಿಮಾಸ್‌ನದು ಎರಡೂ ಐಸಿಗಳನ್ನು ಅಕ್ಕಪಕ್ಕ ಕೂರಿಸಿ, ಸಪ್ಲೈ ತಂತಿಗೆ ಮಲ್ಟಿಮೀಟರ್ ಹಾಕಿ, ಮಕ್ಕಳ ಕೈಯಲ್ಲೇ ಕರೆಂಟು ಅಳೆಸಿ.