ಸೆಕೆಂಡ್ ಹ್ಯಾಂಡ್ ಹೈಬ್ರಿಡ್: ಕೂಪೆಯ ಕನಸು, ಡಿಕ್ಕಿಯ ಲೆಕ್ಕ

ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ನಾಲ್ಕೂ ವರ್ಷ ನನ್ನ ಲ್ಯಾಪ್‌ಟಾಪಿನ ವಾಲ್‌ಪೇಪರ್ ಒಂದೇ: ಹೋಂಡಾ ಸಿಆರ್-ಝಡ್. ಎರಡೇ ಬಾಗಿಲು, 1.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೊಂದು ಎಲೆಕ್ಟ್ರಿಕ್ ಮೋಟಾರ್, ಮೇಲಾಗಿ ಆರು ಗೇರಿನ ಮ್ಯಾನ್ಯುಯಲ್. 2010ರಲ್ಲಿ ಬಂದ ಈ ಹೈಬ್ರಿಡ್ ಕೂಪೆ ಜಪಾನಿನಲ್ಲಿ 'ವರ್ಷದ ಕಾರು' ಅಂತಲೂ ಅನಿಸಿಕೊಂಡಿತ್ತು. ನಮ್ಮ ದೇಶದ ಶೋರೂಮಿಗೆ ಮಾತ್ರ ಬರಲೇ ಇಲ್ಲ.

ಹೋದ ವರ್ಷ ಇಂಗ್ಲೆಂಡಿನಲ್ಲಿರುವ ನನ್ನ ಬ್ಯಾಚಿನ ಗೆಳೆಯ ಹಳೇ ಸಿಆರ್-ಝಡ್ ಒಂದನ್ನು ನೋಡಲು ಹೋಗಿ, ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದ. "ಏನ್ ನೋಡ್ಬೇಕಲೇ ಇದ್ರಾಗ?" ಹೊಟ್ಟೆಕಿಚ್ಚು ನುಂಗಿಕೊಂಡು ಹೇಳಿದೆ: ಮೊದಲು ತಯಾರಾದ ವರ್ಷ ನೋಡು. 2013ರ ಫೇಸ್‌ಲಿಫ್ಟ್‌ಗಿಂತ ಮೊದಲಿನದ್ದಾದರೆ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಆಮೇಲಿನದ್ದಾದರೆ ಲಿಥಿಯಂ. ಬ್ಯಾಟರಿ ಸೋತಿದ್ದರೂ ಆ ಕಾರು ಪೆಟ್ರೋಲಿನಲ್ಲಿ ಓಡುತ್ತೆ, ಯಾಕಂದ್ರೆ ಅದರಲ್ಲಿ ಮೋಟಾರು ಎಂಜಿನ್ನಿಗೆ ಬರೀ ಸಹಾಯಕ. ಅದೇ ಮೋಸ. ಟೆಸ್ಟ್ ಡ್ರೈವ್‌ನಲ್ಲಿ "ಸ್ವಲ್ಪ ಮಂದ ಐತಿ" ಅಂತ ಮಾತ್ರ ಅನಿಸುತ್ತೆ, ದುಡ್ಡು ಕೊಟ್ಟಮೇಲೆ ಬ್ಯಾಟರಿ ಖರ್ಚು ಗೊತ್ತಾಗುತ್ತೆ.

ಆಗ ನಾನೂ ಒಂದು ಹೈಬ್ರಿಡ್ ಹುಡುಕುತ್ತಿದ್ದೆ. ಕೂಪೆ ಸಿಗದವನಿಗೆ ಹತ್ತಿರದ್ದು ಅಂದ್ರೆ ಹೋಂಡಾ ಸಿಟಿ ಇ-ಎಚ್‌ಇವಿ. 2022ರ ಮೇ ತಿಂಗಳಲ್ಲಿ ಸುಮಾರು 19.5 ಲಕ್ಷಕ್ಕೆ ಬಂದ ಸೆಡಾನ್. ಇದರ ಮೋಟಾರಿನ ಟಾರ್ಕ್ 253 ನ್ಯೂಟನ್ ಮೀಟರ್, ಕಾಲಿಟ್ಟರೆ ಸದ್ದಿಲ್ಲದೆ ಜಿಗಿಯುತ್ತೆ. ಆದರೆ ಇಲ್ಲಿ ಊರೊಳಗಿನ ಓಡಾಟದಲ್ಲಿ ಬಹುಪಾಲು ಚಕ್ರ ತಿರುಗಿಸುವುದೇ ಮೋಟಾರು. ಅಂದರೆ ಬ್ಯಾಟರಿ ಸಹಾಯಕನಲ್ಲ, ಮನೆ ಯಜಮಾನ. ನನ್ನ ಬಜೆಟ್ 14 ಲಕ್ಷ. ಅದರಲ್ಲಿ ಐದು ಅಪ್ಪನದು. ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡಿ ಮೇಲಿನ ಅಂತಸ್ತು ಕಟ್ಟಿಸೋಕೆ ಇಟ್ಟಿದ್ದ ದುಡ್ಡು.

ಮೊದಲು ನೋಡಿದ್ದು ಬೆಂಗಳೂರಿನಲ್ಲಿ. 2022ರ ಹೈಬ್ರಿಡ್, ಓಡಿದ್ದು ಬರೀ 19 ಸಾವಿರ ಕಿಲೋಮೀಟರ್, ಕನ್ನಡಿಯಂಥ ಪಾಲಿಶ್. ಬಾಗಿಲು ತೆಗೆದರೆ ಘಮಘಮ ಸುಗಂಧ. ಸ್ವಲ್ಪ ಹೆಚ್ಚೇ ಇತ್ತು. ಕಿಟಕಿ ಮುಚ್ಚಿ ಹತ್ತು ನಿಮಿಷ ಎ.ಸಿ. ಇಲ್ಲದೆ ಒಳಗೆ ಕೂತೆ. ಸುಗಂಧದ ಕೆಳಗಿಂದ ಒದ್ದೆ ಗೋಣಿಚೀಲದ ವಾಸನೆ ಮೇಲೆದ್ದಿತು. ಸೀಟ್ ಬೆಲ್ಟನ್ನು ಕೊನೇವರೆಗೆ ಎಳೆದಾಗ ತುದಿಯಲ್ಲಿ ಮಣ್ಣಿನ ಗೆರೆ. ಸೀಟಿನ ಕೆಳಗಿನ ಹಳಿಗೆ ತುಕ್ಕು.

2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಾ? ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು, ಬೇಸ್‌ಮೆಂಟಿನ ಕಾರುಗಳು ಮುಳುಗಿದ್ದು? ಹಳೇ ಇನ್ಶೂರೆನ್ಸ್ ಪಾಲಿಸಿಗಳನ್ನು ಕೇಳಿದೆ. 2023ರ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಸೊನ್ನೆ, ಅಂದ್ರೆ ಹಿಂದಿನ ವರ್ಷ ಕ್ಲೇಮ್ ಆಗಿರಬೇಕು. ಮಾರುವವರು "ಸಣ್ಣ ಬಂಪರ್ ಕೆಲಸ ಸರ್" ಅಂದರು. ನೀರು ನುಗ್ಗಿದ ಪೆಟ್ರೋಲ್ ಕಾರನ್ನು ಒಣಗಿಸಿ ಓಡಿಸಿಯಾರು. ಹೈಬ್ರಿಡ್‌ನಲ್ಲಿ ಹೈ ವೋಲ್ಟೇಜ್ ಕನೆಕ್ಟರುಗಳಿಗೆ ತೇವ ತಗುಲಿದರೆ ತುಕ್ಕು ನಿಧಾನಕ್ಕೆ, ತಿಂಗಳುಗಟ್ಟಲೆ ಆದಮೇಲೆ ಮುಖ ತೋರಿಸುತ್ತೆ. ಕೈಮುಗಿದು ಬಂದೆ.

ಎರಡನೆಯದು ಊರ ಕಡೆಯೇ ಸಿಕ್ಕಿತು. ಕೆಎ-29 ನೋಂದಣಿ, 71 ಸಾವಿರ ಕಿಲೋಮೀಟರ್. ಬಾಗಲಕೋಟೆ ನವನಗರದ ಡಾಕ್ಟರೊಬ್ಬರು ಅಮೀನಗಡ, ಹುನಗುಂದ ದಾಟಿ ಇಳಕಲ್ಲಿಗೆ ಓಡಾಡಿಸಿದ್ದ ಗಾಡಿ. ಬಾಗಿಲಿಗೆರಡು ಗೀರು, ಆದರೆ ಪ್ರತಿ ಸರ್ವಿಸ್‌ನ ಬಿಲ್ ಫೈಲಿನಲ್ಲಿ. ಕಿಲೋಮೀಟರ್ ಜಾಸ್ತಿ ಅಂತ ಅಪ್ಪ ಮೂಗು ಮುರಿದರು. ನನಗೆ ಅದು ಚಿಂತೆ ಅನಿಸಲಿಲ್ಲ. ಈ ಬ್ಯಾಟರಿ ಚಿಕ್ಕದು, ಕಾರು ಅದನ್ನು ಪೂರ್ತಿ ತುಂಬಿಸೋದೂ ಇಲ್ಲ, ಪೂರ್ತಿ ಖಾಲಿ ಮಾಡೋದೂ ಇಲ್ಲ. ನಿಂತಲ್ಲೇ ನಿಂತ ಹೈಬ್ರಿಡ್‌ಗಿಂತ ದಿನಾ ಓಡಿದ್ದೇ ವಾಸಿ.

ಅದಕ್ಕೆ ಶತ್ರು ಬಿಸಿ. ಹಿಂದಿನ ಸೀಟಿನ ಹತ್ತಿರ ಸಣ್ಣ ಜಾಲರಿ ಇರುತ್ತೆ, ಕಾರಿನೊಳಗಿನ ತಂಪು ಗಾಳಿಯನ್ನು ಎಳೆದು ಬ್ಯಾಟರಿ ತಣ್ಣಗಿಡುವುದು ಅಲ್ಲಿಂದಲೇ. ಅದರ ಮೇಲೆ ಬ್ಯಾಗ್ ಒತ್ತಿಟ್ಟರೂ ಸಾಕು, ಉಸಿರು ಕಟ್ಟುತ್ತೆ. ಡಾಕ್ಟರ ಕಾರಿನಲ್ಲಿ ಬೆರಳಾಡಿಸಿದೆ. ಕೆಂಪು ಹುಡಿ! ಇಳಕಲ್ ಗ್ರಾನೈಟ್ ಕ್ವಾರಿಗಳ ಧೂಳು, ನಮ್ಮೂರಿನವನಿಗೆ ಪರಿಚಯ ಬೇಕಿಲ್ಲ. ಇಲ್ಲಿ ಬೇಸಿಗೆ 40 ಡಿಗ್ರಿ ಮುಟ್ಟುತ್ತೆ; ಬಿಸಿಲಿಗೆ ಈ ಧೂಳೂ ಸೇರಿದರೆ ಬ್ಯಾಟರಿ ಗತಿ?

ಹಾಗಾಗಿ ಒಂದು ಷರತ್ತು ಹಾಕಿದೆ: ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ಬ್ಯಾಟರಿ ವರದಿ ಬರಬೇಕು, ಖರ್ಚು ನನ್ನದು. ಡಾಕ್ಟರು ಒಪ್ಪಿದರು. ಒಪ್ಪದಿದ್ದರೆ ಅಲ್ಲಿಗೇ ಬಿಡುತ್ತಿದ್ದೆ, ನೀವೂ ಬಿಡಿ. ಸೆಲ್‌ಗಳ ವೋಲ್ಟೇಜ್ ಸಮ ಇತ್ತು, ಫಾಲ್ಟ್ ಕೋಡ್ ಇರಲಿಲ್ಲ. ಜಾಲರಿ ಬಿಚ್ಚಿ ಶುಚಿ ಮಾಡಿಸಿದ್ದಾಯಿತು.

ಟೆಸ್ಟ್ ಡ್ರೈವ್ ಬಾದಾಮಿವರೆಗೆ, ಗುಳೇದಗುಡ್ಡದ ಮೇಲಿಂದ, ಮಟಮಟ ಮಧ್ಯಾಹ್ನ, ಎ.ಸಿ. ಫುಲ್. ಹೈಬ್ರಿಡ್ ನೋಡಲು ಮಧ್ಯಾಹ್ನವೇ ಹೋಗಬೇಕು. ಏರಿನಲ್ಲಿ ಚಾರ್ಜ್ ಕಡ್ಡಿಗಳು ನಿಧಾನ ಇಳಿದವು, ಇಳಿಜಾರಿನಲ್ಲಿ ನಿಧಾನ ಏರಿದವು. ಕ್ಷಣದಲ್ಲಿ ಖಾಲಿ, ಕ್ಷಣದಲ್ಲಿ ತುಂಬು ಅಂತ ಕುಣಿದರೆ ಬ್ಯಾಟರಿ ಮುದಿಯಾಗಿದೆ ಅಂತಲೇ ಅನುಮಾನಿಸಿ. ಬನಶಂಕರಿ ಗುಡಿ ಮುಂದೆ ನಿಲ್ಲಿಸಿ ಫ್ಯಾನಿನ ಸದ್ದು ಕೇಳಿದೆ. ಹಿಂದಿನ ಸೀಟಿನ ಕಡೆಯಿಂದ ಸಣ್ಣಗೆ ಗುಂಯ್ ಅಂತಿತ್ತು, ಕಿರುಚುತ್ತಿರಲಿಲ್ಲ.

ಈ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ, ಯಾವುದು ಮೊದಲೋ ಅದು. ಅದು ಎರಡನೇ ಮಾಲೀಕನಿಗೂ ಸಲ್ಲುತ್ತದೆ ಅಂತ ಚಾಸಿ ನಂಬರ್ ಸಹಿತ ಇಮೇಲಿನಲ್ಲಿ ಬರೆಸಿಕೊಂಡೆ. ಬಾಯಿಮಾತಿಗೆ ಬಗ್ಗಬೇಡಿ. ಫಾರಂ 29, 30ಕ್ಕೆ ಸಹಿ, ಸಾಲ ತೀರಿದ್ದಕ್ಕೆ ಬ್ಯಾಂಕಿನ ಫಾರಂ 35. ಆರ್‌ಸಿ ಹೆಸರು ಬದಲಾಗುವವರೆಗೆ ಒಂದಷ್ಟು ದುಡ್ಡು ಹಿಡಿದಿಟ್ಟೆ.

ಕಾರು ಇಳಕಲ್ಲಿಗೆ ಬಂತು. ಅಪ್ಪ ಸುತ್ತು ಹಾಕಿ ನೋಡಿ, ನೇರ ಡಿಕ್ಕಿ ತೆಗೆದರು. ಪೆಟ್ರೋಲ್ ಸಿಟಿಯ ಡಿಕ್ಕಿ 506 ಲೀಟರ್. ಹೈಬ್ರಿಡ್‌ನಲ್ಲಿ ಬ್ಯಾಟರಿ ಅಲ್ಲೇ ಕೂತು 306 ಉಳಿದಿದೆ. ಇದೊಂದನ್ನು ನಾನು ಅವರಿಗೆ ಹೇಳಿರಲಿಲ್ಲ.

"ಇದ್ರಾಗ ಸೀರಿ ಗಂಟು ಎಷ್ಟ್ ಹಿಡಿತಾವೋ ತಮ್ಮಾ?"

"ಎರಡು ಹಿಡಿತಾವಪ್ಪಾ."

"ನನ್ನ ಹಳೇ ಗಾಡ್ಯಾಗ ನಾಕು ಹಿಡಿತಿದ್ದು." ಅಷ್ಟು ಹೇಳಿ ಉಳಿದೆರಡು ಗಂಟು ತಂದು ಹಿಂದಿನ ಸೀಟಿನ ಮೇಲೆ, ಸರಿಯಾಗಿ ಜಾಲರಿಯ ಹತ್ತಿರ ಒತ್ತಿಟ್ಟರು.

"ಅಲ್ಲಿ ಬ್ಯಾಡಪ್ಪಾ!" ಅಂತ ಓಡಿದೆ.