ಗೇಮ್ ಪೆಟ್ಟಿಗೆಗೆ ಎಂಥ ಸ್ಪೀಕರ್ ಹಾಕಬೇಕು?

ಜಪಾನಿನ ಟೈಟೊ ಕಂಪನಿ 1978ರಲ್ಲಿ ಹೊರತಂದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಹಿನ್ನೆಲೆ ಸಂಗೀತ ಅಂತ ಇದ್ದದ್ದು ನಾಲ್ಕೇ ನಾಲ್ಕು ಸ್ವರ. ದಪ್ಪ ದನಿಯ ಆ ಸ್ವರಗಳು ಒಂದರ ಹಿಂದೊಂದು ಬಡಿಯುತ್ತಲೇ ಇರುತ್ತವೆ. ಪರದೆಯ ಮೇಲಿನ ಅನ್ಯಗ್ರಹ ಜೀವಿಗಳನ್ನು ಹೊಡೆದುರುಳಿಸಿದಷ್ಟೂ ಉಳಿದವು ಬಿರುಸಾಗುತ್ತವೆ, ಬಡಿತವೂ ಬಿರುಸಾಗುತ್ತದೆ. ಇದೇ ಆಟವನ್ನು ಮೊಬೈಲಿನಲ್ಲಿ ಆಡಿ ನೋಡಿ. ಸ್ವರ ಅವೇ, ವೇಗವೂ ಅದೇ. ಆದರೆ ದಿಗಿಲು ಹುಟ್ಟುವುದಿಲ್ಲ. ಆ ದಿಗಿಲಿಗೆ ಆಳೆತ್ತರದ ಮರದ ಪೆಟ್ಟಿಗೆ ಬೇಕಿತ್ತು, ಅದರೊಳಗೆ ಕಾಗದದ ಕೋನಿನ ಸ್ಪೀಕರ್ ಬೇಕಿತ್ತು.

ಅಂಥ ಪೆಟ್ಟಿಗೆಗಳನ್ನು ಈಗ ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ. ಪ್ಲೈವುಡ್ ಹಲಗೆ, ಹಳೆಯ ಮಾನಿಟರ್, ಜಾಯ್‌ಸ್ಟಿಕ್, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್, ಜೊತೆಗೆ ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರುಮಾಡಿದ, ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ‘ಮೇಮ್’ ತಂತ್ರಾಂಶ, ಇಷ್ಟಿದ್ದರೆ ಆಯಿತು. ಹಲಗೆ ಕೊಯ್ಯುವುದಕ್ಕೆ, ಬಣ್ಣ ಬಳಿಯುವುದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಇವರಲ್ಲಿ ಹಲವರು ದನಿಯ ವಿಷಯ ಬಂದಾಗ ಮಾತ್ರ ಮೂಲೆಯಲ್ಲಿ ಬಿದ್ದಿದ್ದ ಕಂಪ್ಯೂಟರ್ ಸ್ಪೀಕರ್ ಜೋಡಿಯನ್ನು ಒಳಗೆ ತುರುಕಿ ಕೈತೊಳೆದುಕೊಳ್ಳುತ್ತಾರೆ. ಇಲ್ಲವೇ ಡಬ್ಬಿಯ ಮೇಲಿನ ವಾಟ್ ನೋಡಿ ಇದ್ದುದರಲ್ಲೇ ದೊಡ್ಡದನ್ನು ಹೊತ್ತು ತರುತ್ತಾರೆ. ನನ್ನ ಪ್ರಕಾರ ಎರಡೂ ದುಡ್ಡು ದಂಡ.

ಸ್ಪೀಕರಿನ ಒಳಗುಟ್ಟು ಸರಳವಾದದ್ದು. ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ ಇರುತ್ತದೆ, ಸುರುಳಿಗೆ ಕೋನ್ ಅಂಟಿಕೊಂಡಿರುತ್ತದೆ. ವಿದ್ಯುತ್ತು ಹಿಂದೆ ಮುಂದೆ ಹರಿದಂತೆ ಸುರುಳಿ ಕೋನನ್ನು ತಳ್ಳುತ್ತದೆ, ಎಳೆಯುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು 1925ರಲ್ಲಿ ಇದಕ್ಕೆ ಕೊಟ್ಟ ರೂಪವೇ ಇವತ್ತಿಗೂ ಉಳಿದಿದೆ. ತೊಡಕು ಇರುವುದು ಕೋನಿನ ಹಿಂಬದಿಯಲ್ಲಿ. ಕೋನ್ ಮುಂದೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಕ್ಷಣದಲ್ಲಿ ಬೆನ್ನಹಿಂದಿನ ಗಾಳಿ ಸಡಿಲಾಗುತ್ತದೆ. ಅಂದರೆ ಮುಂದೊಂದು ಅಲೆ, ಹಿಂದೆ ಅದರ ತದ್ವಿರುದ್ಧದ ಅಲೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹಾಗಾಗಿ 100 ಹರ್ಟ್ಸ್‌ನ ದಪ್ಪ ಸ್ವರದ ತರಂಗಾಂತರ ಮೂರೂವರೆ ಮೀಟರಿನ ಹತ್ತಿರ. ಅಷ್ಟು ಉದ್ದದ ಅಲೆಗೆ ನಾಲ್ಕಿಂಚಿನ ಸ್ಪೀಕರ್ ಅಡ್ಡಿಯೇ ಅಲ್ಲ. ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ಅಳಿಸಿಹಾಕುತ್ತದೆ. ಕೀಚಲು ಸ್ವರಗಳ ಅಲೆ ಗಿಡ್ಡ, ಅವು ಹೀಗೆ ಸುತ್ತಿ ಬಂದು ಕೆಡಿಸಲಾರವು.

ನಂಬಿಕೆ ಬರದಿದ್ದರೆ ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ಒಂದು ಭಜನೆ ಹಾಕಿ. ತಬಲಾದ ಟಣಟಣ ಕೇಳುತ್ತದೆ, ಡಗ್ಗಾದ ಗುಮುಕಿ ನಾಪತ್ತೆ. ಈಗ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಸ್ಪೀಕರಿನ ಅಳತೆಗೆ ದುಂಡಗೆ ತೂತು ಕೊರೆದು, ಅದರ ಅಂಚು ಆ ತೂತಿಗೆ ಬಿಗಿಯಾಗಿ ಕೂರುವಂತೆ ಒತ್ತಿ ಹಿಡಿಯಿರಿ. ವಾಲ್ಯೂಮ್ ಮುಟ್ಟದೆಯೇ ಡಗ್ಗಾ ಹಾಜರಾಗುತ್ತದೆ. ಗೇಮ್ ಪೆಟ್ಟಿಗೆಯೊಳಗೆ ಡಬಲ್ ಟೇಪಿನಲ್ಲಿ ಅಂಟಿಸಿದ ಸ್ಪೀಕರ್ ಏಕೆ ಟೊಳ್ಳಾಗಿ ಕೇಳುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಹಲಗೆಗೆ ತೂತು ಕೊರೆಯಬೇಕು, ಸುತ್ತ ಫೋಮ್ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಬೇಕು, ಮುಂದಿನ ಗಾಳಿ ಹಿಂದಿನ ಗಾಳಿಯನ್ನು ಸಂಧಿಸಬಾರದು.

ಇಷ್ಟಾದ ಮೇಲೆ ಯಾವ ಸ್ಪೀಕರ್ ಎಂಬ ಪ್ರಶ್ನೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧವನ್ನೂ 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದ ರೀತಿಯನ್ನೂ ಸ್ಪೀಕರ್ ತಯಾರಕರು ಪಂಚಾಂಗದಂತೆ ಬಳಸುತ್ತಾರೆ. ಯಾವ ಕೋನಿಗೆ ಎಷ್ಟು ಲೀಟರ್ ಗಾಳಿಯ ಪೆಟ್ಟಿಗೆ ಬೇಕು ಎಂಬ ಲೆಕ್ಕ ಅದರಲ್ಲಿದೆ. ಅದರ ಒಂದು ಅಂಕಿ, ‘ಕ್ಯೂಟಿಎಸ್’, ನಮಗೆ ಮುಖ್ಯ. ಕೋನ್ ತನ್ನ ಸಹಜ ಕಂಪನವನ್ನು ತಾನೇ ಎಷ್ಟರಮಟ್ಟಿಗೆ ಹಿಡಿದು ನಿಲ್ಲಿಸಬಲ್ಲದು ಎಂಬುದರ ಅಳತೆ ಅದು. ಸಂಗೀತಕ್ಕೆಂದು ಮಾಡಿದ ಪುಟ್ಟ ಪೆಟ್ಟಿಗೆಯ ವೂಫರುಗಳಲ್ಲಿ ಈ ಅಂಕಿ ಸಾಮಾನ್ಯವಾಗಿ 0.3, 0.4ರ ಸುಮಾರಿಗೆ ಇರುತ್ತದೆ. ಅಳತೆಗೆ ಸರಿಯಾದ, ಗಾಳಿಯಾಡದ ಪೆಟ್ಟಿಗೆ ಸಿಕ್ಕರೆ ಅವು ಚೆನ್ನ. ಫ್ಯಾನಿನ ಕಿಂಡಿ, ನಾಣ್ಯದ ಬಾಗಿಲು, ತಂತಿ ಹೊರಬರುವ ತೂತು ಎಲ್ಲ ಇರುವ ಐನೂರು ಲೀಟರಿನ ಗೇಮ್ ಪೆಟ್ಟಿಗೆಯಲ್ಲಿ ಅವುಗಳ ದಪ್ಪ ಸ್ವರ ಸೊರಗುತ್ತದೆ.

ಇದೇ ಪರಿಸ್ಥಿತಿ ಇನ್ನೊಂದು ಕಡೆಯೂ ಇದೆ: ಕಾರಿನ ಬಾಗಿಲು. ಅಲ್ಲೂ ಗಾಳಿಯ ಅಳತೆ ಗೊತ್ತಿಲ್ಲ, ಅಲ್ಲೂ ನೂರೆಂಟು ಸಂದು. ಅದಕ್ಕೇ ಕಾರ್ ಸ್ಪೀಕರುಗಳ ಕ್ಯೂಟಿಎಸ್ ಹೆಚ್ಚಾಗಿ 0.6, 0.7ರ ಆಸುಪಾಸು ಇರುವಂತೆ ಮಾಡಿರುತ್ತಾರೆ. ಬೆನ್ನಿಗೆ ಬಿಗಿಯಾದ ಪೆಟ್ಟಿಗೆ ಇಲ್ಲದಿದ್ದರೂ ಅವು ತಕರಾರಿಲ್ಲದೆ ಕೆಲಸ ಮಾಡುತ್ತವೆ. ನಾಲ್ಕು ಅಥವಾ ಐದೂಕಾಲು ಇಂಚಿನ ‘ಕೋಆಕ್ಸಿಯಲ್’ ಜೋಡಿ, ಅಂದರೆ ಕೋನಿನ ನಡುವೆಯೇ ಪುಟ್ಟ ಟ್ವೀಟರ್ ಕೂರಿಸಿದ್ದು, ಗೇಮ್ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ನಿಮ್ಮೂರಿನ ಕಾರ್ ಪರಿಕರದ ಅಂಗಡಿಯಲ್ಲಾಗಲಿ ಇವನ್ನು ಹುಡುಕುವುದು ಕಷ್ಟವಲ್ಲ. ಜಾಲರಿಯೂ ಜೊತೆಗೇ ಬರುತ್ತದೆ.

ಇನ್ನು ವಾಟಿನ ಮಾತು. ಒಂದು ಕಾಲದಲ್ಲಿ ನಮ್ಮ ಅಂಗಡಿಗಳಲ್ಲಿ ಟೇಪ್‌ರೆಕಾರ್ಡರುಗಳ ಮೇಲೆಲ್ಲ ಸಾವಿರಗಟ್ಟಲೆ ವಾಟ್ ‘ಪಿಎಂಪಿಒ’ ಅಂತ ಚೀಟಿ ಹಚ್ಚಿರುತ್ತಿದ್ದರು. ಅದಕ್ಕೆ ಒಪ್ಪಿತ ಅಳತೆಯೇ ಇರಲಿಲ್ಲ. ಬರೆದವರ ಧೈರ್ಯವೇ ಪ್ರಮಾಣ. ನೋಡಬೇಕಾದದ್ದು ಸೆನ್ಸಿಟಿವಿಟಿ, ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬುದು. 3 ಡೆಸಿಬೆಲ್ ಏರಬೇಕಾದರೆ ವಾಟ್ ಇಮ್ಮಡಿಯಾಗಬೇಕು. 84 ಡೆಸಿಬೆಲ್‌ನ ಸ್ಪೀಕರಿಗೆ 40 ವಾಟ್ ಕೊಟ್ಟರೆ ಎಷ್ಟು ಸದ್ದೋ, 90 ಡೆಸಿಬೆಲ್‌ನದ್ದಕ್ಕೆ 10 ವಾಟ್ ಕೊಟ್ಟರೂ ಅಷ್ಟೇ ಸದ್ದು. ಅದೂ ಅಲ್ಲದೆ ಆಡುವವರ ಕಿವಿ ಸ್ಪೀಕರಿನಿಂದ ಬರೀ ಎರಡಡಿ ದೂರದಲ್ಲಿರುತ್ತದೆ. ಅಲ್ಲಿ ಆ ಎರಡನೆಯ ಸ್ಪೀಕರಿನ ಸದ್ದು ಒಂದೇ ವಾಟಿಗೆ 90 ಡೆಸಿಬೆಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು; ಪ್ರತಿ 3 ಡೆಸಿಬೆಲ್‌ಗೂ ಆ ಅವಧಿ ಅರ್ಧವಾಗುತ್ತಾ ಹೋಗಿ 94ಕ್ಕೆ ಒಂದೇ ಗಂಟೆ ಉಳಿಯುತ್ತದೆ. ಮಕ್ಕಳು ಆಡುವ ಪೆಟ್ಟಿಗೆಗೆ ನೂರು ವಾಟ್ ಏಕೆ?

ಕಾರ್ ಸ್ಪೀಕರುಗಳು ಹೆಚ್ಚಾಗಿ 4 ಓಮ್‌ನವು. ಕಾರಿನ ಬ್ಯಾಟರಿ 12 ವೋಲ್ಟ್ ಮಾತ್ರ ಕೊಡುವುದರಿಂದ ಹೆಚ್ಚು ವಿದ್ಯುತ್ತು ಹರಿಯಲು ಕಡಿಮೆ ತಡೆ ಬೇಕು. ನಿಮ್ಮ ಪೆಟ್ಟಿಗೆಯಲ್ಲೂ ಅದೇ ಲೆಕ್ಕ: ವಿದ್ಯುತ್ತು ಕೊಡಲು 12 ವೋಲ್ಟಿನ ಎಸ್‌ಎಂಪಿಎಸ್, ಅದಕ್ಕೊಂದು ಟಿಪಿಎ 3118 ಮಾದರಿಯ ‘ಕ್ಲಾಸ್ ಡಿ’ ಆಂಪ್ಲಿಫೈಯರ್ ಬೋರ್ಡ್. 4 ಓಮ್‌ಗೆ ಹದಿನೈದು ವಾಟ್ ಸಿಗುತ್ತದೆ, 8 ಓಮ್‌ಗೆ ಅದರರ್ಧ. 5 ವೋಲ್ಟಿನಲ್ಲಿ ಓಡುವ ಪಿಎಎಂ 8403 ಬೋರ್ಡು ನೂರು ರೂಪಾಯಿಗೂ ಕಡಿಮೆಗೆ ಸಿಗುತ್ತದೆ. ಮೇಜಿನ ಮೇಲಿಡುವ ಚಿಕ್ಕ ಪೆಟ್ಟಿಗೆಗಾದರೆ ಸಾಕು. ಅದರ 3 ವಾಟನ್ನು ಪೂರ್ತಿ ಎಳೆದರೆ ಸ್ವರ ಒಡೆಯುತ್ತದೆ. ಈ ಎರಡೂ ಬೋರ್ಡುಗಳಲ್ಲಿ ಒಂದು ಎಚ್ಚರ: ಸ್ಪೀಕರಿನ ಮೈನಸ್ ತಂತಿ ಗ್ರೌಂಡ್ ಅಲ್ಲ, ಅಲ್ಲೂ ಸಿಗ್ನಲ್ ಹರಿಯುತ್ತದೆ. ಎಡ ಬಲದ ಮೈನಸ್‌ಗಳನ್ನು ಒಟ್ಟಿಗೆ ಕಟ್ಟಿದರೆ ಬೋರ್ಡ್ ಸುಡುತ್ತದೆ. ಪ್ಲಸ್ ಮೈನಸ್ ಗುರುತು ಅಳಿಸಿದ್ದರೆ ಸ್ಪೀಕರನ್ನು ಬೋರ್ಡಿನಿಂದ ಬಿಡಿಸಿ, ಗಡಿಯಾರದ ಸೆಲ್ಲನ್ನು ತಂತಿಗೆ ಕ್ಷಣಮಾತ್ರ ಮುಟ್ಟಿಸಿ. ಕೋನ್ ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಸ್ಪೀಕರಿನ ಪ್ಲಸ್. ಎರಡರಲ್ಲಿ ಒಂದು ತಿರುಗುಮುರುಗಾದರೂ ದಪ್ಪ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ.

ಎಲ್ಲಿ ಕೂರಿಸಬೇಕು? ತರಂಗಾಂತರ ಕೋನಿನ ಅಗಲಕ್ಕಿಂತ ಚಿಕ್ಕದಾದ ಕೂಡಲೇ ಸದ್ದು ಟಾರ್ಚ್ ಬೆಳಕಿನಂತೆ ನೇರ ಸಾಗತೊಡಗುತ್ತದೆ. ನಾಲ್ಕಿಂಚಿನ ಕೋನಿಗೆ ಇದು ಸುಮಾರು 3,400 ಹರ್ಟ್ಸ್‌ಗೆ, ಆರೂವರೆ ಇಂಚಿನದ್ದಕ್ಕೆ 2,000ದ ಸುತ್ತಮುತ್ತ ಆರಂಭವಾಗುತ್ತದೆ. ಕಂಟ್ರೋಲ್ ಪ್ಯಾನಲಿನ ಕೆಳಗೆ, ಆಡುವವರ ಮೊಣಕಾಲಿಗೆ ಮುಖಮಾಡಿ ಇಟ್ಟರೆ ಗುಂಡಿನ ಚುರುಕು ಸದ್ದೆಲ್ಲ ಮೊಣಕಾಲಿಗೇ ಹೋಗುತ್ತದೆ. ಪರದೆಯ ಮೇಲೆ, ಹೆಸರಿನ ಫಲಕದ ಕೆಳಗಿನ ಓರೆ ಹಲಗೆಯಲ್ಲಿ, ಮುಖದ ಕಡೆಗೆ ಬಾಗಿಸಿ ಕೂರಿಸುವುದೇ ಸರಿ. ಹಳೆಯ ಯಂತ್ರಗಳಲ್ಲೂ ಬಹಳಷ್ಟು ಹಾಗೇ ಇದ್ದವು.

ಸ್ಟೀರಿಯೊ ಅನಿವಾರ್ಯವಲ್ಲ. 80ರ ದಶಕದ ಮಧ್ಯದಲ್ಲಿ ಜಪಾನಿನ ತಯಾರಕರ ಸಂಘ ‘ಜಾಮಾ’ ಗೊತ್ತುಮಾಡಿದ ತಂತಿಜೋಡಣೆಯಲ್ಲಿ ಸ್ಪೀಕರಿಗೆ ಇದ್ದದ್ದು ಒಂದೇ ಜೊತೆ ತಂತಿ. 1991ರ ‘ಸ್ಟ್ರೀಟ್ ಫೈಟರ್ 2’ ಕೂಡ ಮೋನೊ. ‘ಔಟ್ ರನ್’ನಂಥ (1986) ಕೆಲವು ಆಟಗಳಿಗಷ್ಟೇ ಎಡ ಬಲ ಬೇಕು. ಒಂದೇ ಸ್ಪೀಕರ್ ಹಾಕುವುದಾದರೆ ತಂತ್ರಾಂಶದಲ್ಲೇ ಮೋನೊ ಮಾಡಿಕೊಳ್ಳಿ, ಎಡ ಬಲದ ತಂತಿಗಳನ್ನು ಹೆಣೆಯಬೇಡಿ.

ಸಬ್‌ವೂಫರ್ ಬೇಕೇ ಎಂದು ಕೇಳುವವರಿಗೆ ಮೊದಲು ಹಳೆಯ ಆಟಗಳ ಸದ್ದುಗಳ ಹುಟ್ಟನ್ನು ಹೇಳಬೇಕು. 1972ರ ‘ಪಾಂಗ್’ ಆಟಕ್ಕೆ ಪ್ರೇಕ್ಷಕರ ಹರ್ಷೋದ್ಗಾರ ಬೇಕು ಎಂದು ಅಟಾರಿ ಕಂಪನಿಯ ನೋಲನ್ ಬುಶ್‌ನೆಲ್ ಕೇಳಿದ್ದರು. ಅದನ್ನು ಹುಟ್ಟಿಸುವ ದಾರಿ ಕಾಣದ ಎಂಜಿನಿಯರ್ ಆಲ್ ಆಲ್ಕಾರ್ನ್ ಪರದೆಯ ಮಂಡಲದಲ್ಲಿ ಆಗಲೇ ಇದ್ದ ಕಂಪನಗಳನ್ನೇ ಸ್ಪೀಕರಿಗೆ ತಿರುಗಿಸಿದರು. 1980ರ ‘ಪ್ಯಾಕ್‌ಮ್ಯಾನ್’ ಏಕಕಾಲಕ್ಕೆ ಮೂರೇ ಸ್ವರ ನುಡಿಸಬಲ್ಲದು. ಒಂದೊಂದರ ಅಲೆಯೂ 32 ಮೆಟ್ಟಿಲುಗಳಲ್ಲಿ ಕಡೆದದ್ದು. ಇಂಥ ಮೊನಚು ಅಲೆಗಳಲ್ಲಿ ಮೂಲ ಸ್ವರದ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟಿನ ಉಪಸ್ವರಗಳು ಧಾರಾಳವಾಗಿರುತ್ತವೆ. ಇಲ್ಲಿ ಮಿದುಳಿನ ಚಮತ್ಕಾರವೊಂದಿದೆ. ಸ್ಪೀಕರ್ 80 ಹರ್ಟ್ಸ್ ನುಡಿಸದೆ ಬರೀ ಉಪಸ್ವರಗಳನ್ನು ಕೊಟ್ಟರೂ ಮಿದುಳು ಇಲ್ಲದ ಮೂಲ ಸ್ವರವನ್ನು ತಾನೇ ಕಲ್ಪಿಸಿಕೊಂಡು ಕೇಳುತ್ತದೆ. ಹಳೆಯ ಟೆಲಿಫೋನು 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುತ್ತಿತ್ತು. ಗಂಡಸಿನ ದನಿಯ ಮೂಲ ಸ್ವರ 120ರ ಸುಮಾರಿಗೆ. ಆದರೂ ಅಪ್ಪನ ದನಿ ಅಪ್ಪನದಾಗಿಯೇ ಕೇಳುತ್ತಿತ್ತಲ್ಲ! ಐದೂಕಾಲು ಇಂಚಿನ ಜೋಡಿ ಸ್ಪೇಸ್ ಇನ್ವೇಡರ್ಸ್‌ನ ಬಡಿತಕ್ಕೆ ಸಾಕಾಗುವುದು ಈ ಕಾರಣದಿಂದಲೂ ಹೌದು. ಎದೆಗೆ ಗುದ್ದುವ ಅನುಭವ ಬೇಕೇ ಬೇಕೆಂದರೆ ಸಬ್‌ವೂಫರ್ ಹಾಕಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಳಗಿನ ಮನೆಯವರ ಅಭಿಪ್ರಾಯವನ್ನೂ ಕೇಳಿ.

ಎಲ್ಲ ಜೋಡಿಸಿದ ಮೇಲೆ ಪೆಟ್ಟಿಗೆಯೇ ತಕರಾರು ತೆಗೆಯುತ್ತದೆ. 40ರಿಂದ 400 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಒಂದು ಸ್ವರವನ್ನು ನುಡಿಸಿ, ಹಲಗೆಗಳ ಮೇಲೆ ಕೈಯಾಡಿಸುತ್ತಾ ಬನ್ನಿ. ಯಾವುದೋ ಒಂದು ಕಂಪನಾಂಕದಲ್ಲಿ ‘ಜರ್‍ರ್’ ಎಂಬ ಸದ್ದು ಏಳುತ್ತದೆ. ಕಳ್ಳ ಹೆಚ್ಚಾಗಿ ಹೆಸರಿನ ಫಲಕದ ಅಕ್ರಿಲಿಕ್ ಹಾಳೆ, ಇಲ್ಲವೇ ಬಿಗಿಯದೆ ಬಿಟ್ಟ ಹಿಂಬಾಗಿಲು. ಫೋಮ್ ಪಟ್ಟಿ ಸಿಕ್ಕಿಸಿದರೆ ತೆಪ್ಪಗಾಗುತ್ತದೆ. ಬೆನ್ನಿನ ಹಲಗೆಗೆ 6 ಮಿ.ಮೀ. ಪ್ಲೈವುಡ್ ಹಾಕಿ ಉಳಿಸಲು ಹೋಗಬೇಡಿ, ಅದೇ ತಮಟೆಯಾಗುತ್ತದೆ, 18 ಮಿ.ಮೀ. ಇರಲಿ. ಆಟವೇ ನಡೆಯದಿರುವಾಗಲೂ ಗುಂಯ್ ಅನ್ನುತ್ತಿದ್ದರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ಗ್ರೌಂಡ್ ತಂತಿಗಳಲ್ಲಿ ಸುತ್ತುವ ಬೇಡದ ವಿದ್ಯುತ್ತು: ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ಬೇರೆ ಬೇರೆ ಎಸ್‌ಎಂಪಿಎಸ್ ಕೊಡಿ, ನಡುವೆ ಆಡಿಯೊ ಐಸೊಲೇಟರ್ ಟ್ರಾನ್ಸ್‌ಫಾರ್ಮರ್ ಸೇರಿಸಿ.

ಗುಜರಿಯಿಂದ ಹಳೆಯ ಪಿಕ್ಚರ್ ಟ್ಯೂಬ್ ಟಿವಿ ತಂದವರಿಗೆ ಮಾತ್ರ ಇನ್ನೊಂದು ತಲೆನೋವು. ಸ್ಪೀಕರಿನ ಅಯಸ್ಕಾಂತ ಹತ್ತಿರ ಬಂದರೆ ಎಲೆಕ್ಟ್ರಾನ್ ಕಿರಣಗಳು ಡೊಂಕಾಗಿ, ಕೆಂಪು ಚುಕ್ಕಿಗೆ ಬೀಳಬೇಕಾದದ್ದು ಹಸಿರಿಗೆ ಬಿದ್ದು ಪರದೆಯ ಮೂಲೆಯಲ್ಲಿ ನೇರಳೆ, ಹಸಿರು ಕಲೆಗಳು ಮೂಡುತ್ತವೆ. ಅಂಥವರು ಹಳೆಯ ಟಿವಿಯಿಂದಲೇ ಕಳಚಿದ ‘ಶೀಲ್ಡ್’ ಮಾಡಿದ ಸ್ಪೀಕರ್ ಬಳಸಬೇಕು. ಟ್ಯೂಬಿನಲ್ಲಿ ಪ್ಲಗ್ ಕಿತ್ತ ಮೇಲೂ ಇಪ್ಪತ್ತು ಸಾವಿರ ವೋಲ್ಟಿನಷ್ಟು ಉಳಿದಿರಬಹುದು. ಗೊತ್ತಿರುವ ಮೆಕ್ಯಾನಿಕ್ ಜೊತೆಗಿಲ್ಲದೆ ಕೈ ಹಾಕಬೇಡಿ. ಎಲ್‌ಸಿಡಿ ಇದ್ದವರಿಗೆ ಈ ಗೋಜಿಲ್ಲ.

ಅಂಗಡಿಗೆ ಹೋದಾಗ ವಾಟ್ ಕೇಳುವುದರ ಬದಲು ಮೂರು ಪ್ರಶ್ನೆ ಕೇಳಿ: ಎಷ್ಟು ಓಮ್, ಸೆನ್ಸಿಟಿವಿಟಿ ಎಷ್ಟು, ಕೂರಿಸಲು ಎಷ್ಟು ಆಳ ಬೇಕು. ಮೂರನೆಯದು ಮರೆತರೆ ಹಲಗೆ ಕೊಯ್ದ ಮೇಲೆ ಅಯಸ್ಕಾಂತ ಮಾನಿಟರಿಗೆ ತಾಗುತ್ತದೆ. ಸ್ಪೀಕರ್ ಕೈಗೆ ಬಂದ ಮೇಲೆಯೇ ತೂತು ಕೊರೆಯಿರಿ.