ಅಣು ವಿದ್ಯುತ್ ಸ್ಥಾವರ: ಭೂಕಂಪದ ಲೆಕ್ಕವನ್ನು ಮತ್ತೆ ಏಕೆ ಹಾಕಬೇಕು?



ಕೆರೆ ಕಟ್ಟುವಾಗ ಕೋಡಿಯನ್ನು ಎಷ್ಟು ಅಗಲ ಇಡಬೇಕೆಂದು ನಮ್ಮ ಹಿರಿಯರು ಹೇಗೆ ಗೊತ್ತುಮಾಡುತ್ತಿದ್ದರು? ತಾವು ಕಂಡ ಮತ್ತು ಹಿಂದಿನವರಿಂದ ಕೇಳಿದ ದೊಡ್ಡ ಮಳೆಯ ಲೆಕ್ಕದಿಂದ. ಆ ಲೆಕ್ಕ ಮೀರಿದ ಮಳೆ ಬಂದರೆ ಏರಿ ಒಡೆಯುತ್ತದೆ. ಅಣು ವಿದ್ಯುತ್ ಸ್ಥಾವರ ಕಟ್ಟುವವರೂ ಇಂಥದೇ ಲೆಕ್ಕ ಹಿಡಿಯುತ್ತಾರೆ. ಈ ಜಾಗದಲ್ಲಿ ಭೂಮಿ ಎಷ್ಟು ಅದುರಬಹುದು? ಸಮುದ್ರದ ದಡವಾದರೆ, ಭೂಕಂಪದಿಂದ ಏಳುವ ಸುನಾಮಿ ಎಂಬ ಅಲೆ ಎಷ್ಟು ಎತ್ತರ ಬರಬಹುದು? ಸ್ಥಾವರದ ಭದ್ರತೆಯೆಲ್ಲ ಈ ಅಂಕಿಗಳ ಮೇಲೆ ನಿಂತಿದೆ. ಕಟ್ಟಿದ ಮೇಲೆ ಹೊಸ ಸಂಗತಿ ತಿಳಿದುಬಂದರೆ ಏನು ಮಾಡಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ನಾನು ಓದಿದ್ದು ಕೃಷಿ ಡಿಪ್ಲೊಮಾ, ಅಣು ವಿಜ್ಞಾನವಲ್ಲ. ಆದರೆ ಈ ಕಥೆಯ ಮುಖ್ಯ ಸಾಕ್ಷಿ ದೊರೆತದ್ದು ಭತ್ತದ ಗದ್ದೆಯ ಮಣ್ಣಿನಲ್ಲಿ. ಆದುದರಿಂದ ಬರೆಯಲು ಧೈರ್ಯ ಬಂದಿದೆ.

ಮೊದಲು ಒಂದು ಮಾತು ತಿಳಿದಿರಬೇಕು. ಭೂಮಿ ಅದುರಿದೊಡನೆ ಅಣು ಸ್ಥಾವರ ತಾನಾಗಿಯೇ ನಿಲ್ಲುತ್ತದೆ. ಆದರೆ ನಿಂತೊಡನೆ ತಣ್ಣಗಾಗುವುದಿಲ್ಲ. ಆಲೆಮನೆಯಲ್ಲಿ ಉರಿ ಎಳೆದ ಮೇಲೂ ಒಲೆಯ ಕಾವಿಗೆ ಕೊಪ್ಪರಿಗೆ ಕುದಿಯುತ್ತಲೇ ಇರುವುದನ್ನು ತಾವು ಕಂಡಿದ್ದೀರಿ. ಅಣು ಇಂಧನದ ಕಾವಾದರೋ ದಿನಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಅದಕ್ಕೆ ಸದಾ ನೀರು ಹಾಯಿಸಬೇಕು. ನೀರಿಗೆ ಪಂಪು ಬೇಕು, ಪಂಪಿಗೆ ವಿದ್ಯುತ್ ಬೇಕು. ಇದು ತಪ್ಪಿದರೆ ಇಂಧನ ಕರಗಿ ವಿಷಕಾರಿ ವಿಕಿರಣ ವಸ್ತು ಹೊರಬೀಳುತ್ತದೆ.

ಜಪಾನ್ ದೇಶದ ಪೂರ್ವ ಕರಾವಳಿಯಲ್ಲಿ ಫುಕುಶಿಮಾ ದಾಯಿಚಿ ಎಂಬ ಸ್ಥಾವರವಿದೆ. 1966ರಲ್ಲಿ ಅದಕ್ಕೆ ಅನುಮತಿ ಕೊಟ್ಟಾಗ ಹಿಡಿದ ಅಲೆಯ ಎತ್ತರ ಸುಮಾರು 3.1 ಮೀಟರ್. 1960ರಲ್ಲಿ ದೂರದ ಚಿಲಿ ದೇಶದ ಭೂಕಂಪದಿಂದ ಎದ್ದು ಆ ದಡಕ್ಕೆ ಬಂದ ಅಲೆಯೇ ಅದಕ್ಕೆ ಆಧಾರ. ಅಲ್ಲಿ ಸುಮಾರು 35 ಮೀಟರ್ ಎತ್ತರದ ದಿಣ್ಣೆಯಿತ್ತು. ಅದನ್ನು ಕಡಿದು, ಸಮುದ್ರಮಟ್ಟದಿಂದ 10 ಮೀಟರ್ ಎತ್ತರದಲ್ಲಿ ಸ್ಥಾವರ ಕಟ್ಟಿದರು. 2002ರಲ್ಲಿ ಲೆಕ್ಕ ತಿದ್ದಿ 5.7 ಮೀಟರ್ ಎಂದರು.

ಈಗ ಗದ್ದೆಯ ಮಾತಿಗೆ ಬರೋಣ. ಆ ಸ್ಥಾವರದ ಉತ್ತರಕ್ಕೆ ಸೆಂಡಾಯ್ ಎಂಬ ಬಯಲು ಸೀಮೆಯಿದೆ, ಭತ್ತದ ನಾಡು. ಮಣ್ಣಿನ ಪದರ ನೋಡಲು ನಾವು ಗುಂಡಿ ತೋಡುವ ಹಾಗೆ ಭೂವಿಜ್ಞಾನಿಗಳು ಆ ಗದ್ದೆಗಳಲ್ಲಿ ತೋಡಿ ನೋಡಿದರು. ಕರಿಯ ಮಣ್ಣಿನ ನಡುವೆ ಸಮುದ್ರದ ಮರಳಿನ ತೆಳು ಪದರ ಕಂಡಿತು. ಅದರ ಮೇಲೆ 915ನೆಯ ಇಸವಿಯ ಜ್ವಾಲಾಮುಖಿಯ ಬೂದಿ ಕೂತಿತ್ತು. ಹಾಗಾದರೆ ಮರಳು ಅದಕ್ಕೂ ಮೊದಲು ಬಂದದ್ದು. 869ರಲ್ಲಿ ದೊಡ್ಡ ಅಲೆ ಬಂದು ಸಾವಿರ ಮಂದಿ ಮುಳುಗಿದರೆಂದು ಆ ರಾಜ್ಯದ ಹಳೆಯ ಚರಿತ್ರೆಯಲ್ಲಿ ಬರೆದಿದೆ. ಬರಹಕ್ಕೂ ಮಣ್ಣಿಗೂ ತಾಳೆ ಬಿತ್ತು. ಸಮುದ್ರ ಕಿಲೋಮೀಟರುಗಟ್ಟಲೆ ಒಳಕ್ಕೆ ನುಗ್ಗಿತ್ತು!

2006ರಲ್ಲಿ ಜಪಾನ್ ಸರಕಾರ ಭೂಕಂಪದ ನಿಯಮಗಳನ್ನು ಬಿಗಿಮಾಡಿ, ಹಳೆಯ ಸ್ಥಾವರಗಳೆಲ್ಲ ಮತ್ತೆ ಲೆಕ್ಕ ಹಾಕಬೇಕೆಂದಿತು. ಅದು ಬೇಕೇ ಇತ್ತೆಂಬುದು ಮರುವರ್ಷವೇ ತಿಳಿಯಿತು. 2007ರ ಜುಲೈ 16ರಂದು ಪಶ್ಚಿಮ ಕರಾವಳಿಯ ಕಾಶಿವಾಝಾಕಿ-ಕಾರಿವಾ ಸ್ಥಾವರದಲ್ಲಿ, ಒಂದು ಘಟಕದ ತಳಹದಿ ಲೆಕ್ಕಕ್ಕಿಂತ ಸುಮಾರು ಎರಡೂವರೆ ಪಟ್ಟು ಅದುರಿತು. ಘಟಕಗಳು ಕ್ಷೇಮವಾಗಿ ನಿಂತವು.

ಫುಕುಶಿಮಾದ ಮರುಲೆಕ್ಕದಲ್ಲಿ ಏನಾಯಿತು? 2008ರಲ್ಲಿ ಅದರ ಒಡೆಯರಾದ ಟೋಕಿಯೋ ವಿದ್ಯುತ್ ಕಂಪನಿಯವರ ಲೆಕ್ಕದಲ್ಲಿಯೇ 15.7 ಮೀಟರ್ ಅಲೆ ಬರಬಹುದೆಂದು ಬಂತು. 2009ರಲ್ಲಿ ಸರಕಾರದ ಪರಿಶೀಲನಾ ಸಭೆಯಲ್ಲಿ ಒಬ್ಬ ಭೂವಿಜ್ಞಾನಿ, 869ರ ಭೂಕಂಪವನ್ನು ಏಕೆ ಲೆಕ್ಕಕ್ಕೆ ಹಿಡಿದಿಲ್ಲವೆಂದು ಕೇಳಿದರು. ಕಂಪನಿಯವರು ವಿದ್ವಾಂಸರಿಂದ ಇನ್ನಷ್ಟು ಅಧ್ಯಯನವಾಗಲಿ ಎಂದು ಕೆಲಸ ಮುಂದೂಡಿದರು. 15.7ರ ಅಂಕಿಯನ್ನು ಸರಕಾರಿ ಅಧಿಕಾರಿಗಳ ಮುಂದಿಟ್ಟದ್ದು 2011ರ ಮಾರ್ಚ್ 7ರಂದು. ನಾಲ್ಕೇ ದಿನಕ್ಕೆ, ಮಾರ್ಚ್ 11ರಂದು, 9.0 ಪ್ರಮಾಣದ ಭೂಕಂಪವಾಯಿತು. ನಡೆಯುತ್ತಿದ್ದ ಮೂರು ಘಟಕಗಳು ನಿಂತವು, ಹೊರಗಿನ ವಿದ್ಯುತ್ ಕಡಿಯಿತು, ಡೀಸೆಲ್ ಯಂತ್ರಗಳು ಹೊತ್ತಿಕೊಂಡವು. ಇಲ್ಲಿಯವರೆಗೆ ಎಲ್ಲ ಸರಿಯೇ. ಸುಮಾರು 50 ನಿಮಿಷದ ಮೇಲೆ ಬಂದ ಅಲೆಯ ನೀರು ನೆಲಮಾಳಿಗೆಗಳಿಗೆ ನುಗ್ಗಿ ಡೀಸೆಲ್ ಯಂತ್ರಗಳನ್ನು ಕೆಡಿಸಿತು. ಪಂಪು ನಿಂತಿತು, ಮೂರೂ ಘಟಕಗಳ ಇಂಧನ ಕರಗಿತು.

ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಗದ್ದೆಗಳನ್ನು ಶುದ್ಧಿಮಾಡಲು ಮೇಲ್ಮಣ್ಣನ್ನು ಸುಮಾರು 5 ಸೆಂಟಿಮೀಟರ್ ಕೆರೆದು ಚೀಲಗಳಲ್ಲಿ ತುಂಬಬೇಕಾಯಿತು. ತಲೆಮಾರುಗಳಿಂದ ಗೊಬ್ಬರ ಹಾಕಿ ಸಾಕಿದ ಮಣ್ಣು ಅದು. ರೈತನಿಗೆ ಇದರ ನಷ್ಟವೇನೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಕರಾವಳಿಯ ಓನಾಗಾವಾ ಸ್ಥಾವರವು ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರವಿತ್ತು. ಅದನ್ನು ಮೊದಲೇ 14.8 ಮೀಟರ್ ಎತ್ತರದಲ್ಲಿ ಕಟ್ಟಿದ್ದರು. ಅಲೆ ಸುಮಾರು 13 ಮೀಟರ್ ಬಂತು. ಸ್ಥಾವರ ಉಳಿಯಿತು. ಮನೆ ಕಳೆದುಕೊಂಡ ನೆರೆಯ ಹಳ್ಳಿಗಳ ಮುನ್ನೂರಕ್ಕೂ ಹೆಚ್ಚು ಜನ ಅದರ ಆವರಣದಲ್ಲಿಯೇ ಆಶ್ರಯ ಪಡೆದರು.

ಈ ಅನಾಹುತದ ಮೇಲೆ ಜಪಾನಿನಲ್ಲಿ 2013ರಿಂದ ಹೊಸ ನಿಯಮ ಬಂದಿದೆ. ಸ್ಥಾವರದ ಅಡಿಯ ಬಂಡೆಯ ಬಿರುಕು ಕಳೆದ 1,20,000 ವರ್ಷಗಳಲ್ಲಿ ಜರುಗಿಲ್ಲವೆಂದು ತೋರಿಸಿಕೊಡಬೇಕು. ತೋರಿಸಲಾಗದ ಕಾರಣ ತ್ಸುರುಗಾ ಎಂಬಲ್ಲಿಯ ಎರಡನೆಯ ಘಟಕಕ್ಕೆ 2024ರ ನವೆಂಬರಿನಲ್ಲಿ ಅನುಮತಿ ನಿರಾಕರಿಸಿದರು. ನನ್ನ ಮಟ್ಟಿಗೆ ಇದು ಸರಿಯಾದ ಕ್ರಮ.

ನಮ್ಮ ಕಡೆ ಭೂಮಿ ಗಟ್ಟಿ, ಇಲ್ಲಿ ಇದೆಲ್ಲ ಏಕೆ ಎನ್ನುವಿರಾ? ದಖ್ಖನ್ ನೆಲ ಅಲುಗುವುದಿಲ್ಲವೆಂದೇ ಬಹುಕಾಲ ನಂಬಿದ್ದರು. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಭೂಕಂಪವಾಗಿ ಅಣೆಕಟ್ಟು ಬಿರಿಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆಯ ಲಾತೂರು ಸೀಮೆಯಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಭೂಕಂಪದ ನಕ್ಷೆಯಲ್ಲಿ ಅದು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದರು.

ಉತ್ತರ ಕನ್ನಡದ ಕೈಗಾದಲ್ಲಿ ನಮ್ಮದೇ ಅಣು ಸ್ಥಾವರವಿದೆ. 2011ರ ನಂತರ ದೇಶದ ಎಲ್ಲ ಸ್ಥಾವರಗಳೊಡನೆ ಅದನ್ನೂ ಪರಿಶೀಲಿಸಿದ್ದಾರೆ. 10 ವರ್ಷಕ್ಕೊಮ್ಮೆ ಪೂರ್ಣ ಪರಿಶೀಲನೆಯೂ ನಿಯಮದಲ್ಲಿದೆ. ಆ ಸೀಮೆಯ ನಂಟರು ತಮಗಿದ್ದರೆ, ಅಧಿಕಾರಿಗಳು ಸಭೆ ಕರೆದಾಗ ಮೂರು ಮಾತು ಕೇಳಲು ಹೇಳಿರಿ: ಈ ಸಾರಿ ಹೊಸದಾಗಿ ಏನು ತಿಳಿಯಿತು, ಅದಕ್ಕಾಗಿ ಯಾವ ಕೆಲಸ ಆಗಬೇಕು, ಯಾವ ತಿಂಗಳೊಳಗೆ ಮುಗಿಸುವಿರಿ?